ರೋಬೋಟ್ ಎಂಬ ಬಿಟ್ಟಿ ಆಳು

ರೋಬೋಟ್ ಎಂದೊಡನೆ ನಮ್ಮ ಮಕ್ಕಳ ಕಣ್ಣಿಗೆ ಕಟ್ಟುವುದು ಲೋಹದ ಮೈ, ದೀಪದಂತೆ ಮಿನುಗುವ ಕಣ್ಣು, ಕೀಲುಗೊಂಬೆಯ ನಡಿಗೆ. ಆದರೆ ಈ ಪದದ ಬೇರು ಇರುವುದು ಯಂತ್ರಶಾಲೆಯಲ್ಲಲ್ಲ, ಜಮೀನ್ದಾರನ ಹೊಲದಲ್ಲಿ. ಅದರ ಪೂರ್ವಚರಿತ್ರೆಯನ್ನು ಅರಿತರೆ ವೈಜ್ಞಾನಿಕ ಕಥೆಗಳ ಯಂತ್ರಮಾನವ ನಿಜಕ್ಕೂ ಯಾರೆಂಬುದು ತಿಳಿಯುತ್ತದೆ.

ಚೆಕ್ ಭಾಷೆಯಲ್ಲಿ 'ರೊಬೊತ' ಎಂದರೆ ರೈತನು ಒಡೆಯನಿಗೆ ಕೂಲಿಯಿಲ್ಲದೆ ಮಾಡಿಕೊಡಬೇಕಾಗಿದ್ದ ಕಡ್ಡಾಯದ ದುಡಿಮೆ. ಬೊಹೆಮಿಯಾದ ರೈತ ವಾರದಲ್ಲಿ ಗೊತ್ತಾದ ದಿನಗಳಂದು ತನ್ನ ಹೊಲ ಬಿಟ್ಟು ಒಡೆಯನ ಹೊಲಕ್ಕೆ ಹೋಗಬೇಕಿತ್ತು. ಮದುವೆಯಾಗಲು, ಊರು ಬಿಡಲು, ಮಗನನ್ನು ಬೇರೆ ಕಸುಬಿಗೆ ಹಾಕಲು ಅಪ್ಪಣೆ ಬೇಕಿತ್ತು. 1680ರಲ್ಲಿ ರೈತರು ದಂಗೆಯೆದ್ದ ಮೇಲೆ ಚಕ್ರವರ್ತಿ ಲಿಯೋಪೋಲ್ಡನು ಈ ದುಡಿಮೆಗೆ ವಾರಕ್ಕೆ ಮೂರು ದಿನಗಳ ಮಿತಿ ಹಾಕಿದ. ಸಂಕಟ ತೀರಲಿಲ್ಲ. 1775ರಲ್ಲಿ ರೈತರು ಮತ್ತೆ ಎದ್ದು ಪ್ರಾಗ್ ನಗರದವರೆಗೂ ನಡೆದರು. ಸೈನ್ಯ ಅವರನ್ನು ಚದುರಿಸಿತಾದರೂ, ಅದೇ ವರ್ಷ ರಾಣಿ ಮಾರಿಯಾ ತೆರೇಸಾ ಹೊಸ ಕಟ್ಟಳೆ ಹೊರಡಿಸಬೇಕಾಯಿತು. 1781ರಲ್ಲಿ ಆಕೆಯ ಮಗ ಜೋಸೆಫನು ಅಪ್ಪಣೆಯ ಕಾಟವನ್ನು ತೆಗೆದುಹಾಕಿದ. ರೊಬೊತ ಮಾತ್ರ 1848ರವರೆಗೂ ಉಳಿದುಕೊಂಡಿತು.

ಚೆಕ್ ಲೇಖಕ ಕಾರೆಲ್ ಚಾಪೆಕ್ ಹುಟ್ಟಿದ್ದು 1890ರಲ್ಲಿ. ಅಂದರೆ ರೊಬೊತ ಅವನ ಪಾಲಿಗೆ ತಾತ ಮುತ್ತಾತಂದಿರ ಕಾಲದ ಮಾತು. 1920ರಲ್ಲಿ ಪ್ರಕಟವಾಗಿ, 1921ರಲ್ಲಿ ಪ್ರಾಗ್‌ನ ರಾಷ್ಟ್ರೀಯ ರಂಗಮಂದಿರದಲ್ಲಿ ಆಡಿದ 'ಆರ್.ಯು.ಆರ್.' ನಾಟಕದಲ್ಲಿ ಅವನು ಕೃತಕ ಕೆಲಸಗಾರರನ್ನು ರಂಗಕ್ಕೆ ತಂದ. ಅವರಿಗೆ ಹೆಸರು ಹುಡುಕುತ್ತಿದ್ದಾಗ 'ರೋಬೋಟ್' ಎಂದು ಸೂಚಿಸಿದವನು ಅವನ ಅಣ್ಣ, ಚಿತ್ರಕಾರ ಯೋಸೆಫ್ ಚಾಪೆಕ್. ಇದನ್ನು ಕಾರೆಲನೇ 1933ರಲ್ಲಿ ಬರೆದು ತಿಳಿಸಿದ್ದಾನೆ.

ನಾಟಕದ ರೋಬೋಟುಗಳು ಲೋಹದವಲ್ಲ. ನೋಡಲು ನಮ್ಮಂತೆಯೇ ಇರುವ, ರಕ್ತಮಾಂಸದಂಥ ಪದಾರ್ಥದಿಂದ ಮಾಡಿದ ಜೀವಿಗಳು. ಅವುಗಳನ್ನು ರೂಪಿಸಿದ ಎಂಜಿನಿಯರನ ಲೆಕ್ಕ ಸರಳ: ಮನುಷ್ಯ ಸಂತೋಷಪಡುತ್ತಾನೆ, ಪಿಟೀಲು ಬಾರಿಸುತ್ತಾನೆ, ಸುತ್ತಾಡಲು ಹೋಗುತ್ತಾನೆ, ದುಡಿಮೆಗೆ ಇದಾವುದೂ ಬೇಕಿಲ್ಲ, ಆದ್ದರಿಂದ ತೆಗೆದುಹಾಕು. ಮುಂದೆ ಅವುಗಳಿಗೆ ನೋವನ್ನು ಮಾತ್ರ ಕೊಡಲು ಹೊರಡುತ್ತಾರೆ. ಕರುಣೆಯಿಂದಲ್ಲ, ನೋವಿಲ್ಲದ ಆಳು ಕೈಕಾಲು ಮುರಿದುಕೊಂಡರೆ ಕಾರ್ಖಾನೆಗೆ ನಷ್ಟ!

ಒಮ್ಮೊಮ್ಮೆ ಯಾವುದೋ ರೋಬೋಟ್ ಕೆಲಸ ಎಸೆದು, ಹಲ್ಲು ಕಡಿಯುತ್ತ ನಿಂತುಬಿಡುತ್ತದೆ. ಅದು ತಯಾರಿಕೆಯ ದೋಷವೆನ್ನುತ್ತಾರೆ ಕಾರ್ಖಾನೆಯವರು. ಅವುಗಳ ಬಿಡುಗಡೆಗಾಗಿ ಬಂದ ಹೆಲೆನಾಳಿಗೆ ಅದರಲ್ಲಿ ಆತ್ಮದ ಸುಳಿವು ಕಾಣುತ್ತದೆ. ಇದು ಬರಿಯ ಕಲ್ಪನೆಯೆನ್ನಬೇಡಿ. 1851ರಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ಕಾರ್ಟ್‌ರೈಟ್ ಎಂಬ ವೈದ್ಯ, ಗುಲಾಮರು ಒಡೆಯರಿಂದ ಓಡಿಹೋಗುವುದು ಒಂದು ಮಾನಸಿಕ ರೋಗವೆಂದು ಬರೆದು ಅದಕ್ಕೊಂದು ಗ್ರೀಕ್ ಹೆಸರನ್ನೂ ಇಟ್ಟಿದ್ದ! ಆಳಿನ ಪ್ರತಿಭಟನೆಗೆ ಒಡೆಯನ ನಿಘಂಟಿನಲ್ಲಿ ಅರ್ಥ ಎರಡೇ: ರೋಗ, ಇಲ್ಲವೇ ದೋಷ.

ನಾಟಕದ ಕೊನೆಗೆ ರೋಬೋಟುಗಳು ದಂಗೆಯೆದ್ದು ಮನುಕುಲವನ್ನೇ ಮುಗಿಸುತ್ತವೆ. ಒಬ್ಬನನ್ನು ಮಾತ್ರ ಉಳಿಸುತ್ತವೆ: ಕಟ್ಟಡದ ಕೆಲಸದ ಆಲ್ಕ್ವಿಸ್ಟ್. ಏಕೆಂದರೆ ಅವನು ತಮ್ಮಂತೆಯೇ ಕೈಯಿಂದ ದುಡಿಯುವವನು.

ಅನಂತರದ ಲೇಖಕರೂ ಇದೇ ಜಾಡಿನಲ್ಲಿ ನಡೆದರು. ಐಸಾಕ್ ಅಸಿಮೋವ್ 1942ರ ಕಥೆಯೊಂದರಲ್ಲಿ ರೋಬೋಟುಗಳಿಗೆ ಮೂರು ನಿಯಮಗಳನ್ನು ಹಾಕಿದ. ಎರಡನೆಯದು ಮನುಷ್ಯನ ಆಜ್ಞಾಪಾಲನೆ. ಅದೇ ಅಸಿಮೋವ್ 1976ರಲ್ಲಿ ಬರೆದ 'ದಿ ಬೈಸೆಂಟೆನಿಯಲ್ ಮ್ಯಾನ್' ಕಥೆಯಲ್ಲಿ ಆಂಡ್ರ್ಯೂ ಎಂಬ ರೋಬೋಟ್ ಮರದ ಕೆತ್ತನೆಯಿಂದ ಹಣ ಗಳಿಸಿ, ಅದನ್ನು ಕೊಟ್ಟು ತನ್ನ ಸ್ವಾತಂತ್ರ್ಯ ಕೊಳ್ಳಲು ಬಯಸುತ್ತದೆ. ವ್ಯಾಜ್ಯ ನ್ಯಾಯಾಲಯದ ಮೆಟ್ಟಿಲೇರುತ್ತದೆ. ಅಮೆರಿಕದಲ್ಲಿ ಎಷ್ಟೋ ಗುಲಾಮರು ತಮ್ಮ ಮೈಗೆ ತಾವೇ ಬೆಲೆ ತೆತ್ತು ಬಿಡುಗಡೆ ಪಡೆದದ್ದು ಚರಿತ್ರೆ.

ರೊಬೊತಕ್ಕೆ ಕನ್ನಡದಲ್ಲಿ ಸಮನಾದ ಪದವಿಲ್ಲವೇ? ಇದೆ, 'ಬಿಟ್ಟಿ'. ಸಂಸ್ಕೃತದ 'ವಿಷ್ಟಿ'ಯಿಂದ ಬಂದ ಈ ಪದ, ಪ್ರಜೆಗಳು ಸಲ್ಲಿಸಬೇಕಾದ ಬಾಬುಗಳ ನಡುವೆ ನಮ್ಮ ಶಾಸನಗಳಲ್ಲೂ ಕಾಣಸಿಗುತ್ತದೆ. ಹೈದರಾಬಾದಿನಲ್ಲಿ ನೆಲೆಸಿರುವ ನಮಗೆ ತೆಲುಗಿನ 'ವೆಟ್ಟಿ ಚಾಕಿರಿ'ಯೂ ಅಪರಿಚಿತವಲ್ಲ. 1946ರಿಂದ 1951ರವರೆಗೆ ತೆಲಂಗಾಣದ ರೈತರು ದೊರೆಗಳ ವಿರುದ್ಧ ನಡೆಸಿದ ಹೋರಾಟಕ್ಕೆ ಮುಖ್ಯ ಕಾರಣಗಳಲ್ಲಿ ಅದೂ ಒಂದು. ನಮ್ಮ ಸಂವಿಧಾನದ 23ನೆಯ ವಿಧಿ ಇಂಥ ದುಡಿಮೆಯನ್ನು ನಿಷೇಧಿಸಿದೆ. ಆದರೂ ಜೀತಪದ್ಧತಿಯ ರದ್ದತಿಗೆ 1976ರಲ್ಲಿ ಪ್ರತ್ಯೇಕ ಕಾಯಿದೆ ಬೇಕಾಯಿತು. ಅಸಿಮೋವನ ರೋಬೋಟ್ ಕಥೆಯಲ್ಲಿ ಬಿಡುಗಡೆ ಪಡೆದ ವರ್ಷವೇ, ನಮ್ಮ ದೇಶದಲ್ಲಿ ನಿಜವಾದ ಮನುಷ್ಯರ ಬಿಡುಗಡೆಗೆ ಶಾಸನ ಮಾಡಬೇಕಾಗಿ ಬಂದಿತು!

ಕಾರೆಲ್ ಚಾಪೆಕ್ 1938ರಲ್ಲಿ ತೀರಿಕೊಂಡ. ಮರುವರ್ಷ ನಾಟ್ಸಿಗಳು ಯೋಸೆಫನನ್ನು ಬಂಧಿಸಿದರು. ಮನುಷ್ಯರನ್ನು ಸಂಖ್ಯೆಗಳಾಗಿಸಿ ದುಡಿಸುತ್ತಿದ್ದ ಶಿಬಿರಗಳಲ್ಲಿ ಐದೂವರೆ ವರ್ಷ ಕಳೆದು, 1945ರಲ್ಲಿ ಬೆರ್ಗೆನ್-ಬೆಲ್ಸೆನ್ ಶಿಬಿರದಲ್ಲಿ ಅವನು ಸತ್ತ. ಜಗತ್ತಿಗೆ 'ರೋಬೋಟ್' ಪದವನ್ನು ಕೊಟ್ಟವನ ಅಂತ್ಯ ಇದು.

ಇಂದು 'ಬಿಟ್ಟಿ' ಎಂದರೆ ನಮಗೆ ಪುಕ್ಕಟೆ ಸಿಕ್ಕಿದ್ದು ಎಂದಷ್ಟೇ ಅರ್ಥ. ಅದನ್ನು ಪುಕ್ಕಟೆಯಾಗಿ ಕೊಟ್ಟವರು ಯಾರೆಂಬುದು ಮರೆತುಹೋಗಿದೆ. ಪರನಾಡಿನಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ರೋಬೋಟ್ ಗೊತ್ತು, ಬಿಟ್ಟಿ ಗೊತ್ತಿಲ್ಲ. ಅವರಿಗೆ ಈ ಎರಡು ಪದಗಳನ್ನೂ ಒಟ್ಟಿಗೆ ಹೇಳಿಕೊಟ್ಟರೆ ಒಳ್ಳೆಯದು.