ಮೀಥೇನಿನ ಕ್ರಿಯಾವರ್ಧಿತ ದಹನ

ಲೋಹ ಕ್ರಿಯಾವರ್ಧಕದ ಮೇಲ್ಮೈಯಲ್ಲಿ ಮೀಥೇನ್ ಅನಿಲ ಆಕ್ಸಿಜನ್ನಿನೊಡನೆ ಜ್ವಾಲೆಯಿಲ್ಲದೆ ಉರಿದು ಕಾರ್ಬನ್ ಡೈಆಕ್ಸೈಡ್ ಮತ್ತು ನೀರಾವಿಯಾಗುವ ಉತ್ಕರ್ಷಣ ಕ್ರಿಯೆ. ಕ್ರಿಯಾವರ್ಧಕ ಘನ, ಕ್ರಿಯಾಕಾರಿಗಳು ಅನಿಲ. ಬಿಸಿ ಪ್ಲಾಟಿನಮ್ ತಂತಿ ಕಲ್ಲಿದ್ದಲ ಅನಿಲ ಹಾಗೂ ಗಾಳಿಯ ಮಿಶ್ರಣದಲ್ಲಿ ಜ್ವಾಲೆಯಿಲ್ಲದೆ ಕೆಂಪಗೆ ಹೊಳೆಯುತ್ತಲೇ ಇರುವುದನ್ನು ಗಣಿದೀಪದ ಸಂಶೋಧಕ ಹಂಫ್ರಿ ಡೇವಿ 1817ರಲ್ಲಿ ಪ್ರಕಟಿಸಿದ.

ಮೀಥೇನಿನ ಕಾರ್ಬನ್–ಹೈಡ್ರೊಜನ್ ಬಂಧ ಬಲು ಗಟ್ಟಿ (ಮೋಲಿಗೆ ಸು. 439 ಕಿಲೊಜೌಲ್), ಅದನ್ನು ಮುರಿಯುವುದೇ ಕಠಿಣ ಹಂತ. ಇದಕ್ಕೆ ಪೆಲಾಡಿಯಮ್ ಅತ್ಯಂತ ಸಮರ್ಥ ಲೋಹಗಳಲ್ಲೊಂದು. ಅದರ ಸೂಕ್ಷ್ಮಕಣಗಳನ್ನು ಸಾಮಾನ್ಯವಾಗಿ ಅಲ್ಯುಮಿನದ ಮೇಲೆ ಹರಡಿರುತ್ತಾರೆ. ಕೆಲಸ ಮಾಡುವ ರೂಪ ಮುಖ್ಯವಾಗಿ ಪೆಲಾಡಿಯಮ್ ಆಕ್ಸೈಡ್. ಗಾಳಿಯಲ್ಲಿ ಸು. 800° ಸೆ. ಮೀರಿದರೆ ಅದು ಲೋಹಕ್ಕೆ ಮರಳಿ ಚುರುಕು ಕಳೆದುಕೊಳ್ಳುತ್ತದೆ. ತಣಿಸುವಾಗ ಅದಕ್ಕಿಂತ ಸಾಕಷ್ಟು ಕೆಳಗಿನ ಉಷ್ಣತೆಯಲ್ಲಷ್ಟೇ ಮತ್ತೆ ಆಕ್ಸೈಡಾಗುತ್ತದೆ. ಗಂಧಕದ ಸಂಯುಕ್ತಗಳು ಇದಕ್ಕೆ ವಿಷ. ಕ್ರಿಯೆಯಲ್ಲೇ ಹುಟ್ಟುವ ನೀರಾವಿಯೂ ಅಡ್ಡಿಯಾಗುವುದು ಬಳಕೆಯ ದೊಡ್ಡ ತೊಡಕು.

ಉಷ್ಣತೆ ಜ್ವಾಲೆಗಿಂತ ಕಡಿಮೆಯಿರುವುದರಿಂದ ನೈಟ್ರೊಜನ್ ಆಕ್ಸೈಡುಗಳ ಉತ್ಪತ್ತಿ ಅತ್ಯಲ್ಪ. ಗಾಳಿಯಲ್ಲಿ ಸು. 5%ಕ್ಕಿಂತ ಕಡಿಮೆ ಮೀಥೇನಿದ್ದರೆ ಜ್ವಾಲೆ ಹರಡದು. ಆದರೆ ಕ್ರಿಯಾವರ್ಧಕದ ಮೇಲೆ ಅಂಥ ಮಿಶ್ರಣವೂ ಉರಿಯುತ್ತದೆ. ಕಲ್ಲಿದ್ದಲ ಗಣಿಗಳ ಅನಿಲಸೂಚಕಕ್ಕೆ ಆಧಾರ ಇದೇ: ಕ್ರಿಯಾವರ್ಧಕ ಲೇಪಿಸಿದ ಪುಟ್ಟ ಮಣಿಯಲ್ಲಿ ಮೀಥೇನ್ ಉರಿದಾಗ ಒಳಗಿನ ಪ್ಲಾಟಿನಮ್ ತಂತಿ ಬಿಸಿಯೇರಿ ಅದರ ವಿದ್ಯುತ್ ರೋಧ ಹೆಚ್ಚುತ್ತದೆ. ನೈಸರ್ಗಿಕ ಅನಿಲದ ವಾಹನಗಳ ಹೊಗೆಯಲ್ಲಿ ಉಳಿದ ಮೀಥೇನನ್ನು ಸುಡಲೂ ಈ ವಿಧಾನ ಬಳಕೆಯಲ್ಲಿದೆ.