ಐದನೆಯ ಅಕ್ಷರದ ಕಥೆ

ಫೈಜರ್-ಬಯೋಎನ್‌ಟೆಕ್ ಕಂಪನಿಗಳ ಕೋವಿಡ್ ಲಸಿಕೆಯ 'ಸೋರ್ಸ್ ಕೋಡ್' ಪೂರ್ತಿಯಾಗಿ ಅಂತರ್ಜಾಲದಲ್ಲಿದೆ, ಗೊತ್ತೇ? ವಿಶ್ವ ಆರೋಗ್ಯ ಸಂಸ್ಥೆಯ 2020ರ ದಾಖಲೆಯೊಂದರಲ್ಲಿ ಅಕ್ಷರ ಅಕ್ಷರವೂ ಅಚ್ಚಾಗಿದೆ. ಒಟ್ಟು 4284 ಅಕ್ಷರ. ಅಂದ್ರೆ ನಾಲ್ಕು ಕೆಬಿ ಚಿಲ್ಲರೆಯ ಒಂದು ಪುಟ್ಟ ಟೆಕ್ಸ್ಟ್ ಫೈಲ್! ದಿನವಿಡೀ ಕೋಡ್ ನೋಡಿ ಕಣ್ಣು ಕೆಡಿಸಿಕೊಳ್ಳುವ ನನ್ನಂಥವನಿಗೆ ಇದಕ್ಕಿಂತ ಮಜಾ ಇನ್ನೇನು ಬೇಕು?

ಆದರೆ ಈ ಕೋಡ್‌ನಲ್ಲಿ ಒಂದು ವಿಚಿತ್ರ ಇದೆ. ಆರ್‌ಎನ್‌ಎ ಅಂದ್ರೆ ಎ, ಯು, ಜಿ, ಸಿ ಎಂಬ ನಾಲ್ಕು ಅಕ್ಷರ ಅಂತ ಪಿಯುಸಿಯಲ್ಲಿ ಉರು ಹೊಡೆದದ್ದು ನೆನಪಿರಬಹುದು. ಇಲ್ಲಿ ಹುಡುಕಿದರೂ ಒಂದೇ ಒಂದು 'ಯು' ಸಿಗುವುದಿಲ್ಲ. ಅದು ಇರಬೇಕಾದ ಜಾಗದಲ್ಲೆಲ್ಲ ಗ್ರೀಕರ 'ಸೈ' ಅಕ್ಷರ ಕೂತಿದೆ. ಈ ಒಂದು ಬದಲಾವಣೆಯ ಹಿಂದೆ ಸುಮಾರು ಎಪ್ಪತ್ತು ವರ್ಷಗಳ ಇತಿಹಾಸ ಇದೆ. ಅದನ್ನೇ ಹೇಳೋಣ ಅಂತ ಈ ಬರಹ.

ಮೊದಲು ಸ್ವಲ್ಪ ಹಿನ್ನೆಲೆ. ಡಿಎನ್‌ಎ ಅನ್ನೋದು ಬೀರುವಿನಲ್ಲಿ ಬೀಗ ಹಾಕಿಟ್ಟ ದೊಡ್ಡ ಅಡುಗೆ ಪುಸ್ತಕ ಅಂದುಕೊಳ್ಳಿ. ಇವತ್ತಿನ ಅಡುಗೆಗೆ ಬೇಕಾದಷ್ಟನ್ನು ಒಂದು ಚೀಟಿಯಲ್ಲಿ ಬರೆದು ಅಡುಗೆ ಭಟ್ಟರ ಕೈಗೆ ಕೊಡುತ್ತಾರಲ್ಲ, ಆ ಚೀಟಿಯೇ ಎಂಆರ್‌ಎನ್‌ಎ. ಭಟ್ಟರು ಅದನ್ನು ಓದಿ ಪ್ರೋಟೀನ್ ಮಾಡುತ್ತಾರೆ. ಕೆಲಸ ಮುಗಿದ ಮೇಲೆ ಚೀಟಿ ಕಸದ ಬುಟ್ಟಿಗೆ. ಈ ಚೀಟಿ ಇದೆ ಅಂತ ಗೊತ್ತಾದದ್ದು 1961ರಲ್ಲಿ. ಬೇಕಾದ ಚೀಟಿಯನ್ನು ಪ್ರಯೋಗಾಲಯದಲ್ಲೇ ಬರೆಯುವ ವಿದ್ಯೆ 1984ರ ಹೊತ್ತಿಗೆ ಕೈಗೆ ಬಂತು. 1990ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನ ವಿಜ್ಞಾನಿಗಳು ಇಲಿಯ ಸ್ನಾಯುವಿಗೆ ಎಂಆರ್‌ಎನ್‌ಎ ಚುಚ್ಚಿ ನೋಡಿದರು. ಸ್ನಾಯು ಅದನ್ನು ಓದಿ ಪ್ರೋಟೀನ್ ತಯಾರಿಸಿತು!

ಹಾಗಾದ್ರೆ ಔಷಧಿ ಆಗಲೇ ಯಾಕೆ ಬರಲಿಲ್ಲ? ಎರಡು ತೊಂದರೆ. ಒಂದು, ಚೀಟಿ ತೀರಾ ನಾಜೂಕು. ಆರ್‌ಎನ್‌ಎ ಕತ್ತರಿಸುವ ಕಿಣ್ವಗಳು ರಕ್ತದಲ್ಲಿ, ನಮ್ಮ ಚರ್ಮದ ಮೇಲೆ, ಎಲ್ಲೆಲ್ಲೂ ಇವೆ. ಎರಡನೆಯದು ಇನ್ನೂ ಕಷ್ಟದ್ದು. ಎಷ್ಟೋ ವೈರಸ್‌ಗಳು ಒಳಗೆ ನುಗ್ಗುವುದು ಆರ್‌ಎನ್‌ಎ ರೂಪದಲ್ಲೇ. ಹಾಗಾಗಿ ಹೊರಗಿನ ಆರ್‌ಎನ್‌ಎ ಕಂಡರೆ ಜೀವಕೋಶದ ಕಾವಲುಗಾರರು ಕಳ್ಳ ಬಂದ ಅಂತ ಬೊಬ್ಬೆ ಹೊಡೆಯುತ್ತಾರೆ. ಉರಿಯೂತ ಶುರುವಾಗುತ್ತದೆ, ಅಡುಗೆ ನಿಲ್ಲುತ್ತದೆ, ಚೀಟಿ ಚೂರುಚೂರಾಗುತ್ತದೆ.

ಇಲ್ಲಿ ಕಾತಲಿನ್ ಕರಿಕೊ ಅವರ ಪ್ರವೇಶ. ಹಂಗೇರಿಯ ಕಟುಕನೊಬ್ಬನ ಮಗಳು. 1985ರಲ್ಲಿ ಗಂಡ ಮತ್ತು ಪುಟ್ಟ ಮಗಳೊಂದಿಗೆ ಅಮೆರಿಕಕ್ಕೆ ಹೊರಟಾಗ ಕಾರು ಮಾರಿದ ದುಡ್ಡನ್ನು ಮಗಳ ಟೆಡ್ಡಿ ಬೇರ್ ಒಳಗೆ ಹೊಲಿದು ಒಯ್ದವರು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಎಂಆರ್‌ಎನ್‌ಎಯನ್ನೇ ಹಿಡಿದು ಕೂತರು. ಸಂಶೋಧನೆಗೆ ಹಣ ಸಿಗಲಿಲ್ಲ. 1995ರಲ್ಲಿ ವಿಶ್ವವಿದ್ಯಾಲಯ ಅವರಿಗೆ ಹಿಂಬಡ್ತಿ ಕೊಟ್ಟಿತು. ಆದರೂ ಹಟ ಬಿಡಲಿಲ್ಲ. ಕೆಲ ವರ್ಷಗಳ ನಂತರ ಜೆರಾಕ್ಸ್ ಯಂತ್ರದ ಹತ್ತಿರ ಸರದಿಗಾಗಿ ಕಾಯುವಾಗ ಡ್ರ್ಯೂ ವೈಸ್‌ಮನ್ ಪರಿಚಯವಾದರು. ಅವರು ರೋಗನಿರೋಧಕ ಶಾಸ್ತ್ರದವರು, ಎಚ್‌ಐವಿ ಲಸಿಕೆಯ ಕನಸು ಹೊತ್ತವರು. ಇಬ್ಬರೂ ಸೇರಿ ಕೆಲಸ ಶುರು ಮಾಡಿದರು.

ಕರಿಕೊ ತಯಾರಿಸಿದ ಎಂಆರ್‌ಎನ್‌ಎಯನ್ನು ವೈಸ್‌ಮನ್ ರೋಗನಿರೋಧಕ ಕೋಶಗಳ ಮೇಲೆ ಹಾಕಿದರೆ ಭಾರೀ ಉರಿಯೂತದ ಲಕ್ಷಣ! ಹಾಗಾದರೆ ನಮ್ಮದೇ ದೇಹದ ತುಂಬ ಇರುವ ಆರ್‌ಎನ್‌ಎಗೆ ಯಾಕೆ ಈ ಗಲಾಟೆ ಇಲ್ಲ? ಬೇರೆ ಬೇರೆ ಮೂಲದ ಆರ್‌ಎನ್‌ಎಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಬ್ಯಾಕ್ಟೀರಿಯಾದ ಆರ್‌ಎನ್‌ಎ ಜೋರಾಗಿ ಕೆರಳಿಸಿತು. ಸಸ್ತನಿಗಳ ಟ್ರಾನ್ಸ್‌ಫರ್ ಆರ್‌ಎನ್‌ಎ ಮಾತ್ರ ಕಾವಲುಗಾರರನ್ನು ಎಬ್ಬಿಸಲೇ ಇಲ್ಲ. ಅದರ ವಿಶೇಷ ಏನು ಅಂದ್ರೆ, ಅದರಲ್ಲಿ ಮಾರ್ಪಾಡಾದ ಅಕ್ಷರಗಳು ಬಹಳ. ಅವುಗಳಲ್ಲಿ ಮುಖ್ಯವಾದದ್ದು ಸ್ಯೂಡೋಯೂರಿಡಿನ್, ಆ 'ಸೈ' ಗುರುತಿನ ಅಕ್ಷರ.

ಈಗ ಸ್ವಲ್ಪ ಹಿಂದಕ್ಕೆ, 1951ಕ್ಕೆ ಹೋಗಬೇಕು. ಅಮೆರಿಕದ ಓಕ್ ರಿಡ್ಜ್‌ನಲ್ಲಿ ವಾಲ್ಡೊ ಕೋನ್ ಎಂಬ ರಸಾಯನ ವಿಜ್ಞಾನಿ ಇದ್ದರು. ಎರಡನೇ ಮಹಾಯುದ್ಧದ ಕಾಲದಲ್ಲಿ, ಪರಮಾಣು ಬಾಂಬ್ ಯೋಜನೆಯಲ್ಲಿ, ವಿದಳನದಿಂದ ಹುಟ್ಟುವ ಧಾತುಗಳನ್ನು ಬೇರ್ಪಡಿಸುವ ವಿಧಾನದ ಮೇಲೆ ಕೆಲಸ ಮಾಡಿದವರು. ಯುದ್ಧ ಮುಗಿದ ಮೇಲೆ ಅದೇ ವಿಧಾನವನ್ನು ಆರ್‌ಎನ್‌ಎ ಅಕ್ಷರಗಳನ್ನು ಬೇರ್ಪಡಿಸಲು ಹಚ್ಚಿದರು. ಅವರಿಗೂ ಸಹೋದ್ಯೋಗಿ ಎಲಿಯಟ್ ವೋಲ್ಕಿನ್‌ಗೂ ಕಂಡದ್ದು ನಾಲ್ಕಲ್ಲ, ಲೆಕ್ಕಕ್ಕೆ ಸಿಗದ ಇನ್ನೊಂದು. ಮುಂದೆ ಇದಕ್ಕೆ 'ಐದನೆಯ' ಅಕ್ಷರ ಅಂತಲೇ ಹೆಸರಾಯಿತು. ನೋಡಿದರೆ ಅದು ನಮ್ಮ 'ಯು'ವೇ, ಆದರೆ ಸಕ್ಕರೆಯ ಕೊಂಡಿಗೆ ಬೇರೆ ಮಗ್ಗುಲಿಂದ ಅಂಟಿಕೊಂಡದ್ದು. ಸಾರಜನಕದ ಬದಲು ಇಂಗಾಲದ ಮೂಲಕ. ಅಷ್ಟೇ ವ್ಯತ್ಯಾಸ! ಕೋಶದ ಭಟ್ಟರು ಅದನ್ನು 'ಯು' ಅಂತಲೇ ಓದಿಕೊಳ್ಳುತ್ತಾರೆ. ಅರ್ಧ ಶತಮಾನ ಇದು ತಜ್ಞರ ಕುತೂಹಲದ ವಸ್ತುವಾಗಿ ಉಳಿಯಿತು.

ಕರಿಕೊ ಮತ್ತು ವೈಸ್‌ಮನ್ ತಮ್ಮ ಚೀಟಿಯಲ್ಲಿ 'ಯು' ಬದಲು ಇದನ್ನೇ ಬರೆದರು. ಕಾವಲುಗಾರರು ಸುಮ್ಮನಾದರು. 'ನೇಚರ್' ಪತ್ರಿಕೆ ಲೇಖನವನ್ನು ವಾಪಸ್ ಕಳಿಸಿತು. 2005ರಲ್ಲಿ ಅದು 'ಇಮ್ಯುನಿಟಿ' ಪತ್ರಿಕೆಯಲ್ಲಿ ಬಂತು. ಕರಿಕೊ ಫೋನ್ ಎಡೆಬಿಡದೆ ಹೊಡೆದುಕೊಂಡಿರಬೇಕು ಅಂತೀರಾ? ಇಲ್ಲ, ಹೆಚ್ಚಿನವರು ಗಮನಿಸಲೇ ಇಲ್ಲ.

ನಿಜವಾದ ಬೋನಸ್ ನಂತರ ಬಂತು. ಹೊಸ ಎಂಆರ್‌ಎನ್‌ಎಯಿಂದ ಪ್ರೋಟೀನ್ ಹೆಚ್ಚು ಬರುತ್ತದೆ, ಅದು ಹೆಚ್ಚು ಹೊತ್ತು ಬಾಳುತ್ತದೆ ಅಂತ 2008ರಲ್ಲಿ ತೋರಿಸಿದರು. ಯಾಕೆ ಅನ್ನೋದೂ ಮುಂದಿನ ಮೂರು ವರ್ಷಗಳಲ್ಲಿ ತಿಳಿಯಿತು. ಗಲಾಟೆ ಆದಾಗ ಅಡುಗೆ ನಿಲ್ಲಿಸುವ ಕಿಣ್ವ ಒಂದು, ಚೀಟಿ ಹರಿಯುವ ಕಿಣ್ವ ಇನ್ನೊಂದು. ಬೊಬ್ಬೆಯೇ ಇಲ್ಲದಿದ್ದರೆ ಈ ಎರಡೂ ಅಷ್ಟಾಗಿ ಏಳುವುದಿಲ್ಲ. ಅಂದ್ರೆ ಎರಡು ತೊಂದರೆಗಳಿಗೂ ಒಂದು ಪಾಲು ಒಂದೇ ಅಕ್ಷರದಲ್ಲಿ ಪರಿಹಾರ! ಆಮೇಲೆ ಅದಕ್ಕೊಂದು ಮೀಥೈಲ್ ಗುಂಪು ಸೇರಿಸಿದ ರೂಪ ಇನ್ನೂ ಚೆನ್ನ ಅಂತ ಗೊತ್ತಾಯಿತು. ಲಸಿಕೆಯಲ್ಲಿರುವುದು ಅದೇ.

ಹಾಗಂತ ಎಲ್ಲಾ ಅಕ್ಷರದ ಮಹಿಮೆ ಅನ್ನುವ ಹಾಗಿಲ್ಲ. ರಕ್ತದ ಕಿಣ್ವಗಳಿಂದ ಕಾಪಾಡಿ ಕೋಶದೊಳಗೆ ಮುಟ್ಟಿಸಲು ಕೊಬ್ಬಿನ ನ್ಯಾನೋ ಕಣಗಳ ಲಕೋಟೆ ಬೇಕಾಯಿತು. ಅದು ಬೇರೆಯವರ ದಶಕಗಳ ಶ್ರಮ.

2020ರ ಡಿಸೆಂಬರ್‌ನಲ್ಲಿ ಫೈಜರ್-ಬಯೋಎನ್‌ಟೆಕ್ ಮತ್ತು ಮಾಡರ್ನಾ ಲಸಿಕೆಗಳಿಗೆ ಅನುಮತಿ ಸಿಕ್ಕಿತು. (ಕರಿಕೊ 2013ರಲ್ಲೇ ಬಯೋಎನ್‌ಟೆಕ್ ಸೇರಿದ್ದರು.) ನಮ್ಮೂರಲ್ಲಿ ಹೆಚ್ಚಿನವರು ಹಾಕಿಸಿಕೊಂಡ ಕೋವಿಶೀಲ್ಡ್, ಕೋವ್ಯಾಕ್ಸಿನ್ ಬೇರೆ ಜಾತಿಯವು. ಅಮೆರಿಕದಲ್ಲಿರುವ ನಮ್ಮ ಕನ್ನಡಿಗ ಗೆಳೆಯರ ತೋಳಿಗೆ ಮಾತ್ರ ಬಹುಪಾಲು ಈ ಚೀಟಿಯೇ ಹೋದದ್ದು. ಇದೇ ಹೊತ್ತಿಗೆ ಜರ್ಮನಿಯ ಕ್ಯೂರ್‌ವ್ಯಾಕ್ ಮಾಮೂಲಿ 'ಯು' ಇಟ್ಟುಕೊಂಡೇ ಲಸಿಕೆ ಮಾಡಿತ್ತು. ಫೈಜರ್ ಡೋಸ್ 30 ಮೈಕ್ರೋಗ್ರಾಂ, ಮಾಡರ್ನಾದ್ದು 100, ಕ್ಯೂರ್‌ವ್ಯಾಕ್‌ನದ್ದು ಬರೀ 12. 2021ರ ಜೂನ್‌ನಲ್ಲಿ ಬಂದ ಫಲಿತಾಂಶ: ಶೇ. 48 ರಕ್ಷಣೆ. ಆಗ ರೂಪಾಂತರಿ ವೈರಸ್‌ಗಳೂ ಹಬ್ಬಿದ್ದವು, ಹಾಗಾಗಿ ತಪ್ಪೆಲ್ಲ ಅಕ್ಷರದ್ದೇ ಅನ್ನಲಾಗದು. ಆದರೆ 'ಯು' ಇದ್ದಿದ್ದರಿಂದಲೇ ಅಡ್ಡಪರಿಣಾಮಕ್ಕೆ ಹೆದರಿ ಡೋಸ್ ಏರಿಸಲಾಗಲಿಲ್ಲ ಅನ್ನೋದು ಹಲವು ವಿಜ್ಞಾನಿಗಳ ವಾದ.

2023ರಲ್ಲಿ ಕರಿಕೊ ಮತ್ತು ವೈಸ್‌ಮನ್‌ಗೆ ನೊಬೆಲ್ ಬಂತು. ಕರಿಕೊ ಅವರ ಹಟದ ಬಗ್ಗೆ ಎಲ್ಲರೂ ಬರೆದರು, ಬರೆಯಬೇಕಾದ್ದೇ. ನನಗೆ ಮಾತ್ರ ಕೋನ್ ನೆನಪಾಗುತ್ತಾರೆ. 1951ರಲ್ಲಿ ಯಾರಾದರೂ ಅವರನ್ನು "ಸ್ವಾಮಿ, ಈ ಐದನೆಯ ಅಕ್ಷರದಿಂದ ಏನುಪಯೋಗ?" ಅಂತ ಕೇಳಿದ್ದರೆ ಪಾಪ ಏನು ಹೇಳುತ್ತಿದ್ದರು? ಎಂಆರ್‌ಎನ್‌ಎ ಅನ್ನೋದು ಇದೆ ಅಂತಲೇ ಆಗ ಗೊತ್ತಿರಲಿಲ್ಲ. ನಮ್ಮ ಆಫೀಸುಗಳಲ್ಲೂ ಕಾಲೇಜುಗಳಲ್ಲೂ ಈ ಪ್ರಶ್ನೆ ದಿನಾ ಕೇಳುತ್ತಲೇ ಇರುತ್ತೇವೆ. ಕೇಳುವ ಮುಂಚೆ ಒಂದು ಸಲ ಆ 4284 ಅಕ್ಷರದ ಫೈಲ್ ತೆರೆದು ನೋಡಬಹುದು. ಏನಂತೀರಿ?