ಶೆಟ್ಟಿಹಳ್ಳಿಯ ಒಂದು ಅತ್ತಿಮರಕ್ಕೆ ಎಷ್ಟು ಮರ ಬೇಕು? ಒಂದು ಸಂಶೋಧನಾ ಟಿಪ್ಪಣಿ

ಬೆಂಗಳೂರಿನ ಉತ್ತರದಂಚಿನ ಶೆಟ್ಟಿಹಳ್ಳಿಯನ್ನು ಈಗ ಹಳ್ಳಿ ಎನ್ನುವವರು ಕಡಿಮೆ. ದಾಸರಹಳ್ಳಿ ನಗರಸಭೆಯ ಪ್ರದೇಶ 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯೊಳಗೆ ಸೇರಿತು. ಆಗಿನ 198 ವಾರ್ಡುಗಳ ಪಟ್ಟಿಯಲ್ಲಿ ಶೆಟ್ಟಿಹಳ್ಳಿಗೆ ಸಿಕ್ಕ ಸಂಖ್ಯೆ 12. ಸುತ್ತ ಜಾಲಹಳ್ಳಿ, ಅಬ್ಬಿಗೆರೆ, ಚಿಕ್ಕಬಾಣಾವರ. ಬಯಲುಸೀಮೆಯ ಇಂಥ ಊರುಗಳು ಬಡಾವಣೆಗಳಾಗಿ ಕರಗುವಾಗ ಹಳೆಯದರಲ್ಲಿ ಉಳಿಯುವುದು ಸಾಮಾನ್ಯವಾಗಿ ಮೂರು: ದೇವಸ್ಥಾನ, ಕೆರೆಯ ಹೆಸರು, ಕಟ್ಟೆ ಕಟ್ಟಿಸಿಕೊಂಡ ಒಂದು ಮರ. ಈ ಟಿಪ್ಪಣಿ ಮೂರನೆಯದರ ಬಗ್ಗೆ. ಆದರೆ ಕಟ್ಟೆಯ ಭಾಗ್ಯ ಪಡೆದ ಅರಳಿಗಿಂತ ಅದರ ಬಡ ದಾಯಾದಿಯಾದ ಅತ್ತಿಯ ಬಗ್ಗೆ ಹೆಚ್ಚು.

ಅತ್ತಿಯನ್ನು ಆರಿಸಿದ್ದಕ್ಕೆ ಕಾರಣ ಭೂಗೋಳದ್ದು. ಶೆಟ್ಟಿಹಳ್ಳಿಯಿಂದ ಹಕ್ಕಿ ಹಾರುವ ಲೆಕ್ಕದಲ್ಲಿ ಹತ್ತು ಕಿ.ಮೀ. ಒಳಗೆ, ಯಶವಂತಪುರದ ಮಗ್ಗುಲಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಆವರಣವಿದೆ. ಅಲ್ಲಿನ ಪರಿಸರ ವಿಜ್ಞಾನ ಕೇಂದ್ರದಲ್ಲಿ ರೆನೀ ಬೋರ್ಜಸ್ ಮತ್ತು ಅವರ ವಿದ್ಯಾರ್ಥಿಗಳು ಅತ್ತಿಮರವನ್ನೂ ಅದರ ಕಾಯೊಳಗಿನ ಜೀವಿಗಳನ್ನೂ ವರ್ಷಗಟ್ಟಲೆ ನೋಡಿದ್ದಾರೆ. ಜೀವಿಗಳ ಪರಸ್ಪರ ಅವಲಂಬನೆಯನ್ನು ಹೇಳಲು ನಮ್ಮ ಪಠ್ಯಪುಸ್ತಕಗಳು ಇಂದಿಗೂ ಹುಲಿ, ಜಿಂಕೆ, ಹುಲ್ಲು ಎಂದು ಕಾಡಿಗೆ ಓಡುತ್ತವೆ. ಅದಕ್ಕಿಂತ ಬಿಗಿಯಾದ, ಚೆನ್ನಾಗಿ ಅಳೆದು ನೋಡಿದ ಉದಾಹರಣೆ ಉತ್ತರ ಬೆಂಗಳೂರಿನಲ್ಲೇ ಇದೆ.

‘ಅತ್ತಿ ಹಣ್ಣು ಬಿಚ್ಚಿದರೆ ಹುಳ’ ಎಂಬ ಮಾತು ಎಲ್ಲರಿಗೂ ಗೊತ್ತು. ಹೊರಗೆ ಥಳಕು, ಒಳಗೆ ಕೊಳಕು ಎಂಬ ಅರ್ಥದಲ್ಲಿ ಅದನ್ನು ಬಳಸುತ್ತೇವೆ. ಅಮರಕೋಶ ಇನ್ನೂ ನೇರ: ಅತ್ತಿಗೆ ಅದು ಕೊಡುವ ಪರ್ಯಾಯ ಪದಗಳಲ್ಲಿ ಒಂದು ‘ಜಂತುಫಲ’. ನೆರೆಯ ತಮಿಳರಲ್ಲಿ ಅಪರೂಪದ ಸಂಗತಿಗೆ ‘ಅತ್ತಿ ಹೂ ಬಿಟ್ಟಂತೆ’ ಎನ್ನುವ ರೂಢಿಯಿದೆ. ಹುಳ ಕಂಡವರು, ಹೂ ಕಾಣದವರು ಎರಡು ಭಾಷೆಗಳಲ್ಲಿ ಹೇಳಿದ್ದು ಒಂದೇ ಸತ್ಯದ ಎರಡು ತುದಿ. ಅತ್ತಿಯ ಕಾಯಿ ಎಂದು ನಾವು ಕರೆಯುವುದು ವಾಸ್ತವವಾಗಿ ಒಳಮುಖವಾಗಿ ಮಡಚಿಕೊಂಡ ಹೂಗೊಂಚಲು. ನೂರಾರು, ಸಾವಿರಾರು ಸಣ್ಣ ಹೂಗಳು ಆ ಗೋಲದ ಒಳಗೋಡೆಗೆ ಅಂಟಿಕೊಂಡಿವೆ. ಹೊರಜಗತ್ತಿಗೂ ಅವಕ್ಕೂ ಇರುವ ದಾರಿ ತುದಿಯ ಒಂದು ಚಿಕ್ಕ ರಂಧ್ರ, ಅದೂ ಪದರಪದರವಾಗಿ ಮುಚ್ಚಿಕೊಂಡದ್ದು. ಜೇನು ಹೋಗಲಾರದು, ಚಿಟ್ಟೆ ಹೋಗಲಾರದು. ಹೋಗುವುದು ಒಂದೆರಡು ಮಿಲಿಮೀಟರಿನ ಒಂದು ಕಣಜ, ಸೆರಟೊಸೋಲೆನ್ ಫುಸಿಸೆಪ್ಸ್.

ಕಾಯಿ ಹೆಣ್ಣು ಹಂತಕ್ಕೆ, ಅಂದರೆ ಒಳಗಿನ ಹೆಣ್ಣು ಹೂಗಳು ಪರಾಗಕ್ಕೆ ಸಿದ್ಧವಾದ ಹಂತಕ್ಕೆ, ಬಂದಾಗ ಹೊರಡಿಸುವ ವಾಸನೆಯ ಜಾಡು ಹಿಡಿದು ಹೆಣ್ಣು ಕಣಜ ಬರುತ್ತದೆ. ರಂಧ್ರದಲ್ಲಿ ನುಸುಳುವಾಗ ಅದರ ರೆಕ್ಕೆ ಸಾಮಾನ್ಯವಾಗಿ ಕಿತ್ತು ಹೋಗುತ್ತದೆ, ಮೀಸೆಯ ತುದಿಯೂ ಮುರಿಯುತ್ತದೆ. ಒಳಗೆ ಅದು ಎದೆಯ ಮೇಲಿನ ಜೇಬಿನಿಂದ ಪರಾಗ ತೆಗೆದು ಹೂಗಳಿಗೆ ಹಚ್ಚುತ್ತದೆ. ಕೆಲವು ಹೂಗಳಲ್ಲಿ ಮೊಟ್ಟೆಯಿಟ್ಟು ಅಲ್ಲೇ ಸಾಯುತ್ತದೆ. ಮೊಟ್ಟೆ ಬಿದ್ದ ಹೂ ಗಂಟಾಗಿ ಮರಿಗೆ ಮನೆಯಾಗುತ್ತದೆ, ಉಳಿದದ್ದು ಬೀಜವಾಗುತ್ತದೆ. ಸುಮಾರು ಒಂದು ತಿಂಗಳಲ್ಲಿ ಮುಂದಿನ ತಲೆಮಾರು ಸಿದ್ಧ. ಮೊದಲು ಎಚ್ಚರವಾಗುವುದು ರೆಕ್ಕೆಯಿಲ್ಲದ ಗಂಡುಗಳು. ಅವು ಗಂಟಿನೊಳಗೇ ಇರುವ ಹೆಣ್ಣುಗಳನ್ನು ಕೂಡುತ್ತವೆ, ಕಾಯಿಯ ಗೋಡೆಗೆ ಬಾಗಿಲು ಕೊರೆಯುತ್ತವೆ, ಸಾಯುತ್ತವೆ. ಆ ಹೊತ್ತಿಗೆ ಗಂಡು ಹೂಗಳು ಪಕ್ವವಾಗಿರುತ್ತವೆ. ಹೆಣ್ಣುಗಳು ಪರಾಗ ತುಂಬಿಕೊಂಡು ಹೊರಡುತ್ತವೆ. ಅವುಗಳ ಮುಂದಿರುವ ಆಯುಷ್ಯ ಒಂದೆರಡು ದಿನ.

ನನ್ನ ವಾದ ಶುರುವಾಗುವುದು ಈ ಒಂದೆರಡು ದಿನದಲ್ಲಿ. ಅದಕ್ಕೆ ಮೊದಲು ಆ ಕಾಯೊಳಗೆ ಇನ್ನೂ ಯಾರಿದ್ದಾರೆ ಎಂದು ನೋಡಬೇಕು. ಅತ್ತಿಕಾಯಲ್ಲಿ ಪರಾಗ ಒಯ್ಯುವ ಕಣಜ ಒಂದಾದರೆ, ಒಯ್ಯದೆ ಪಾಲು ಕೇಳುವ ಕಣಜಗಳು ಆರು ಬಗೆ ಎಂದು ಮಹುವಾ ಘರಾ ಮತ್ತು ಬೋರ್ಜಸ್ ಅವರ 2010ರ ಅಧ್ಯಯನ ಲೆಕ್ಕಹಾಕಿದೆ. ಇವು ಒಳಗೆ ಹೋಗುವುದಿಲ್ಲ. ಹೊರಗೆ ಕುಳಿತು ಕೂದಲಿಗಿಂತ ತೆಳುವಾದ ಸೂಜಿಯಿಂದ ಕಾಯಿಯ ಗೋಡೆ ಕೊರೆದು ಮೊಟ್ಟೆಯಿಡುತ್ತವೆ. ಕೆಲವಕ್ಕೆ ಹೂ ಬೇಕು, ಕೆಲವಕ್ಕೆ ಹೂವಿನಲ್ಲಿರುವ ಮರಿಯೇ ಬೇಕು. ಹಸಿ ಅತ್ತಿಕಾಯಿ ಗಟ್ಟಿ. ಅಂಥ ಸೂಜಿ ಬಾಗದೆ ಹೇಗೆ ಒಳಗಿಳಿಯುತ್ತದೆ? ಅದೇ ಸಂಸ್ಥೆಯ ಲಕ್ಷ್ಮೀನಾಥ್ ಕುಂದನಾಟಿ ಮತ್ತು ನಮ್ರತಾ ಗುಂಡಯ್ಯ 2014ರಲ್ಲಿ ತೋರಿಸಿದ್ದು ಇದು: ಸೂಜಿಯ ತುದಿಯಲ್ಲಿ ಹಲ್ಲುಗಳಿವೆ, ಹಲ್ಲಿಗೆ ಸತು ಸೇರಿದೆ, ಅದರ ಗಡಸುತನ ದಂತವೈದ್ಯರು ಬಳಸುವ ಅಕ್ರಿಲಿಕ್ ಸಿಮೆಂಟಿಗೆ ಸಮ.

ಕಾಯಿಯ ಹೊರಗೆ ಇರುವೆಗಳ ಕಾವಲು. ಕೆಂಜಿಗದಂಥ ಬೇಟೆಗಾರ ಇರುವೆಗಳು ಅತ್ತಿಯ ಮತ್ತು ಕಣಜಗಳ ವಾಸನೆಯನ್ನೇ ಗುರುತಿಸಿ ಬರುತ್ತವೆ ಎಂದು ಯುವರಾಜ್ ರಂಗನಾಥನ್ ಮತ್ತು ಬೋರ್ಜಸ್ 2009ರಲ್ಲಿ ವರದಿ ಮಾಡಿದರು. ಕಾಯಿಯ ಮೇಲೆ ಗಂಟೆಗಟ್ಟಲೆ ಕುಳಿತು ಕೊರೆಯುವ ಪಾಲುದಾರರು ಇರುವೆಯ ಬಾಯಿಗೆ ಬೀಳುವ ಸಾಧ್ಯತೆ, ಸರಕ್ಕನೆ ಒಳಸೇರುವ ಪರಾಗವಾಹಕಕ್ಕಿಂತ ಹೆಚ್ಚು. ಇನ್ನು ಪರಾಗವಾಹಕದ ಮೈಯೊಳಗೆ ದುಂಡುಹುಳುಗಳು. ಒಂದು ಕಾಯಿಂದ ಇನ್ನೊಂದಕ್ಕೆ ಹೋಗಲು ಅವಕ್ಕೆ ಕಣಜವೇ ವಾಹನ. ಸತ್ಯಜಿತ್ ಗುಪ್ತಾ ಮತ್ತು ಬೋರ್ಜಸ್ ಅವರ ಕೆಲಸದ ಪ್ರಕಾರ, ಈಗಾಗಲೇ ಎಷ್ಟು ಪ್ರಯಾಣಿಕರಿದ್ದಾರೆ ಎಂಬುದನ್ನು ಗ್ರಹಿಸಿಯೇ ದುಂಡುಹುಳು ಕಣಜವನ್ನೇರುತ್ತದೆ. ಹೆಚ್ಚು ಹೊರೆಯಾದರೆ ವಾಹನ ದಾರಿಯಲ್ಲೇ ಕೆಡುತ್ತದೆ. ಬೆಳಗಿನ ಒಂಬತ್ತಕ್ಕೆ ಜಾಲಹಳ್ಳಿ ಕ್ರಾಸಿನಲ್ಲಿ ಬಸ್ಸು ಹತ್ತುವ ನಮಗೆ ಈ ವಿವೇಕವಿಲ್ಲ.

ಈಗ ಮುಖ್ಯ ಮಾತು. ಅತ್ತಿಯ ಒಂದು ಮರದಲ್ಲಿ ಒಂದು ಫಸಲಿನ ಕಾಯಿಗಳೆಲ್ಲ ಹೆಚ್ಚುಕಮ್ಮಿ ಒಟ್ಟಿಗೇ ಬೆಳೆಯುತ್ತವೆ. ಆದರೆ ಮರದಿಂದ ಮರಕ್ಕೆ ಕಾಲ ಬೇರೆ. ಜಾಕೊಬ್ ಗಲಿಲ್ ಮತ್ತು ಐಸಿಕೊವಿಚ್ 1968ರಲ್ಲಿ ಆಲ, ಅತ್ತಿಗಳ ಕುಲವಾದ ಫೈಕಸ್‌ನ ಕಾಯಿಗೆ ಐದು ಹಂತ ಗುರುತಿಸಿದರು. ಅದರಲ್ಲಿ ಹೆಣ್ಣು ಹಂತಕ್ಕೂ ಗಂಡು ಹಂತಕ್ಕೂ ನಡುವೆ ವಾರಗಳ ಅಂತರವಿದೆ. ಹಾಗಾಗಿ ಒಂದು ಮರದಿಂದ ಹೊರಟ ಕಣಜಕ್ಕೆ ಆ ಮರದಲ್ಲಿ ಸಾಮಾನ್ಯವಾಗಿ ಜಾಗವಿಲ್ಲ. ಅದು ಹೊರಟ ದಿನವೇ ಬೇರೆಲ್ಲೋ ಇನ್ನೊಂದು ಅತ್ತಿ ಹೆಣ್ಣು ಹಂತದಲ್ಲಿ ಇರಬೇಕು. ಶೆಟ್ಟಿಹಳ್ಳಿಯಲ್ಲಿ ಒಂದು ಅತ್ತಿಮರ ಇದೆಯೆಂದು ಇಟ್ಟುಕೊಳ್ಳೋಣ. ಆ ಮರ ಬೀಜ ಕಟ್ಟುವುದು ಅಬ್ಬಿಗೆರೆಯಲ್ಲೋ ಯಲಹಂಕದಲ್ಲೋ ಹೆಸರಘಟ್ಟದಲ್ಲೋ ಇರುವ ಮರಗಳು ಬೇರೆಬೇರೆ ತಿಂಗಳಲ್ಲಿ ಕಾಯಿ ಬಿಡುವುದರಿಂದ. ಅದರ ನೆರೆ ಜಾಗದ್ದಷ್ಟೇ ಅಲ್ಲ, ಪಂಚಾಂಗದ್ದು ಕೂಡ.

ಇಷ್ಟು ಚಿಕ್ಕ ಕಣಜ ಅಷ್ಟು ದೂರ ಹೋದೀತೇ ಎಂಬ ಸಂದೇಹ ಸಹಜ. ನಮೀಬಿಯಾದ ಮರುಭೂಮಿಯಲ್ಲಿ, ಅತ್ತಿಯ ಹತ್ತಿರದ ಸಂಬಂಧಿಯಾದ ಫೈಕಸ್ ಸೈಕೊಮೋರಸ್ ಮರಗಳ ತಂದೆತಾಯಿಯನ್ನು ವಂಶವಾಹಿಯಿಂದ ಪತ್ತೆಹಚ್ಚಿ ಅಹ್ಮದ್, ಕಾಂಪ್ಟನ್ ಮತ್ತು ಸಂಗಡಿಗರು 2009ರಲ್ಲಿ ಉತ್ತರ ಕೊಟ್ಟರು. ಪರಾಗ ಸರಾಸರಿ ಸುಮಾರು 90 ಕಿ.ಮೀ. ಸಾಗಿತ್ತು, ಕೆಲವು ಸಲ 160ರ ಆಸುಪಾಸು. ಕಣಜ ಹಾರಿದ್ದಕ್ಕಿಂತ ಗಾಳಿ ಒಯ್ದದ್ದೇ ಹೆಚ್ಚು. ಆದರೆ ಈ ಸಂಖ್ಯೆಯನ್ನು ಬೆಂಗಳೂರಿಗೆ ಹಾಗೇ ತಂದು ಹಾಕುವಂತಿಲ್ಲ. ಅಲ್ಲಿ ಬಯಲು ಮರುಭೂಮಿ, ಒಂಟಿ ಮರಗಳು, ಅಡ್ಡವಿಲ್ಲದ ಗಾಳಿ. ಇಲ್ಲಿ ಎತ್ತರದ ಕಟ್ಟಡ, ಪೀಣ್ಯದ ಕಾರ್ಖಾನೆಗಳು, ಅದಕ್ಕಿಂತ ಹೆಚ್ಚಾಗಿ ಬಿಸಿ.

ಬಿಸಿಯ ಬಗ್ಗೆ ನಮ್ಮಲ್ಲೇ ದಾಖಲೆಯಿದೆ. ಅನುಷಾ ಕೃಷ್ಣನ್ ಮತ್ತು ಸಂಗಡಿಗರ 2014ರ ಪ್ರಬಂಧದ ಪ್ರಕಾರ, ಹೆಚ್ಚು ಉಷ್ಣಾಂಶದ ಕಾಲದಲ್ಲಿ ಅತ್ತಿಕಾಯಿ ಚಿಕ್ಕದಾಗುತ್ತದೆ. ಒಳಗೆ ಜಾಗ ಕಡಿಮೆಯಾದ್ದರಿಂದ ಕಣಜದ ಸಂತತಿಯೂ ಅದರ ಪರಾವಲಂಬಿಗಳ ಸಂತತಿಯೂ ಕುಗ್ಗುತ್ತದೆ. ಸಿಂಗಪುರದಲ್ಲಿ ಜೀವಾನಂದಂ, ಗೋ ಮತ್ತು ಕಾರ್ಲೆಟ್ 2013ರಲ್ಲಿ ಕಂಡದ್ದು, ಬಿಸಿ ಏರಿದಂತೆ ಇಂಥ ಕಣಜಗಳ ಆಯುಷ್ಯ ಗಂಟೆಗಳ ಲೆಕ್ಕದಲ್ಲಿ ಕಡಿತವಾಗುತ್ತದೆ ಎಂದು. ಎರಡನ್ನೂ ಒಟ್ಟಿಗಿಟ್ಟು ನೋಡಿ: ಬೇಸಿಗೆಯಲ್ಲಿ ಹೊರಡುವ ಕಣಜ ಕಡಿಮೆ, ಹೊರಟದ್ದಕ್ಕೆ ಹೊತ್ತೂ ಕಡಿಮೆ. ಮಳೆಗಾಲದಲ್ಲಿ ಸಾಕಾಗುವಷ್ಟು ಹತ್ತಿರವಿರುವ ಮರ ಏಪ್ರಿಲ್‌ನಲ್ಲಿ ದೂರವಾಗಿಬಿಡಬಹುದು. ಇದು ನನ್ನ ಊಹೆ. ಬೆಂಗಳೂರಿನ ರಸ್ತೆಗಳಲ್ಲಿ ಪರೀಕ್ಷಿಸಬಹುದಾದ ಊಹೆ.

ಹಾಗಾದರೆ ಎಷ್ಟು ಮರ ಬೇಕು? ಜುಡಿತ್ ಬ್ರಾನ್‌ಸ್ಟೀನ್ ಮತ್ತು ಸಂಗಡಿಗರು 1990ರಲ್ಲಿ ಆಫ್ರಿಕದ ಒಂದು ಜಾತಿಯ ಮಾಹಿತಿಯಿಟ್ಟುಕೊಂಡು ಗಣಕದಲ್ಲಿ ಲೆಕ್ಕ ಹಾಕಿದಾಗ, ಕಣಜದ ಸಂತತಿ ಕೆಲವು ವರ್ಷವಾದರೂ ತುಂಡಾಗದೆ ನಡೆಯಲು ನೂರಕ್ಕೆ ಹತ್ತಿರದಷ್ಟು ಮರ ಬೇಕೆಂದು ಬಂತು. ಹೆಣ್ಣು ಹಂತದ ಕಾಯಿಗಳು ಕಣಜಕ್ಕಾಗಿ ಹೆಚ್ಚು ದಿನ ಕಾಯಬಲ್ಲವಾದರೆ ಈ ಸಂಖ್ಯೆ ಇಳಿಯುತ್ತದೆ ಎಂದು ಮುಂದಿನ ಲೆಕ್ಕಗಳು ತಿದ್ದಿದವು. ಅತ್ತಿಗೆ, ಅದೂ ನಗರದ ಅತ್ತಿಗೆ, ಈ ಅಂಕೆಯನ್ನು ನೇರ ಅನ್ವಯಿಸಬಾರದು. ಆದರೆ ಉತ್ತರ ‘ಒಂದು’ ಅಲ್ಲ, ‘ಹತ್ತು’ ಕೂಡ ಬಹುಶಃ ಅಲ್ಲ ಎಂಬಷ್ಟನ್ನು ಹೇಳಬಹುದು. ಕೊಂಡಿ ಕಳಚಿದಾಗ ಏನಾಗುತ್ತದೆ ಎಂಬುದಕ್ಕೆ ಸರವಾಕಿನ ಲಂಬಿರ್ ಬೆಟ್ಟಗಳ ಉದಾಹರಣೆಯಿದೆ. 1998ರ ಎಲ್ ನಿನೊ ಬರದಲ್ಲಿ ಅಲ್ಲಿನ ಹಲವು ಫೈಕಸ್ ಜಾತಿಗಳು ಕಾಯಿ ಬಿಡುವುದನ್ನು ನಿಲ್ಲಿಸಿದವು. ಅವನ್ನೇ ನಂಬಿದ್ದ ಕಣಜಗಳು ಆ ಪ್ರದೇಶದಿಂದಲೇ ಅಳಿದವು. ಇದನ್ನು ದಾಖಲಿಸಿದವರು ರೆಟ್ ಹ್ಯಾರಿಸನ್. ಮರಗಳು ನಿಂತೇ ಇದ್ದವು, ಹಸಿರಾಗಿಯೂ ಇದ್ದವು.

ನಷ್ಟ ಮರ, ಕಣಜಗಳಿಗೇ ಮುಗಿಯುವುದಿಲ್ಲ. ಶಾನಹನ್ ಮತ್ತು ಸಂಗಡಿಗರ 2001ರ ಸಮೀಕ್ಷೆ ಜಗತ್ತಿನಾದ್ಯಂತ ಈ ಕುಲದ ಹಣ್ಣು ತಿನ್ನುವ ಹಕ್ಕಿ ಮತ್ತು ಸಸ್ತನಿಗಳನ್ನು ಪಟ್ಟಿಮಾಡಿತು: 1,274 ಜಾತಿ. ನಮ್ಮ ಕಡೆ ಕೋಗಿಲೆ, ಕುಟ್ರ ಹಕ್ಕಿ, ಗೊರವಂಕ, ಅಳಿಲು, ರಾತ್ರಿ ಬಾವಲಿ. ಮಾವು, ನೇರಳೆಗೆ ಒಂದು ಕಾಲ; ಈ ಕುಲದ ಮರಗಳು ಸರದಿಯಲ್ಲಿ ಹಣ್ಣಾಗುವುದರಿಂದ ಬೇರೆ ಹಣ್ಣಿಲ್ಲದ ತಿಂಗಳಲ್ಲೂ ಊಟವಿರುತ್ತದೆ. ಕಣಜಕ್ಕೋಸ್ಕರ ಹುಟ್ಟಿದ ಸರದಿ ಬಾವಲಿಗೂ ಅನ್ನವಾಯಿತು.

ಅರಳಿಗೂ ಆಲಕ್ಕೂ ಅವುಗಳದೇ ಕಣಜಗಳಿವೆ, ಕಥೆ ಇದೇ. ಆದರೆ ಅರಳಿಯನ್ನು ಕಡಿಯಲು ಜನ ಹೆದರುತ್ತಾರೆ. ಅತ್ತಿಗೆ ದತ್ತಭಕ್ತರ ಪೂಜೆ ಇದ್ದರೂ ಅಷ್ಟು ರಕ್ಷೆಯಿಲ್ಲ. ಅದು ಇಷ್ಟಪಟ್ಟು ಬೆಳೆಯುವುದು ಹಳ್ಳದಂಚಿನಲ್ಲಿ, ನಗರದಲ್ಲಿ ಅದರ ಅರ್ಥ ರಾಜಕಾಲುವೆಯ ಪಕ್ಕ. ಅಂದರೆ ತಡೆಗೋಡೆ ಕಾಮಗಾರಿಯ ಹಾದಿಯಲ್ಲೇ. ಮೇಲಾಗಿ ಹಣ್ಣು ಉದುರಿ ಕಾರು ಗಲೀಜಾಗುತ್ತದೆ ಎಂಬ ದೂರು. ಕಾರಿಗೆ ನೆರಳು ಕೊಟ್ಟದ್ದೂ ಅದೇ ಮರ ಎಂಬುದು ದೂರಿನಲ್ಲಿ ಬರುವುದಿಲ್ಲ.

1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆ ಮರ ಕಡಿಯಲು ಅನುಮತಿ ಬೇಕೆನ್ನುತ್ತದೆ, ಕಡಿದದ್ದಕ್ಕೆ ಬದಲಿ ನೆಡಬೇಕೆನ್ನುತ್ತದೆ. ಒಳ್ಳೆಯ ಕಾಯ್ದೆ, ಆದರೆ ಅದರ ಎಣಿಕೆಯ ಮಾನ ‘ಮರ’. 2016ರಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ ಉಕ್ಕಿನ ಮೇಲ್ಸೇತುವೆ ಹೊರಟಾಗ ಜನ ಬೀದಿಗಿಳಿದದ್ದು 812 ಮರ ಎಂಬ ಅಂಕೆಯ ಮೇಲೆ. ಮರುವರ್ಷ ಯೋಜನೆ ಕೈಬಿಟ್ಟರು. ಆ 812ರಲ್ಲಿ ಯಾವುದು ಮಳೆಮರ, ಯಾವುದು ಅತ್ತಿ, ಯಾವ ತಿಂಗಳು ಯಾವುದರಲ್ಲಿ ಕಾಯಿ ಎಂಬುದನ್ನು ಆ ಅಂಕೆ ಹೇಳುವುದಿಲ್ಲ. ಒಂದು ಅತ್ತಿಗೆ ಬದಲು ಹತ್ತು ಹೊಂಗೆ ನೆಟ್ಟರೆ ಕಾಗದದ ಮೇಲೆ ಲಾಭ, ಕಣಜಕ್ಕೆ ಸೊನ್ನೆ. ಹತ್ತು ಅತ್ತಿಯ ಸಸಿಗಳನ್ನೇ ನೆಟ್ಟರೂ ಅವು ಕಾಯಿ ಬಿಡುವವರೆಗೆ ಸೊನ್ನೆಯೇ.

ಆದ್ದರಿಂದ ಈ ಪ್ರದೇಶಕ್ಕೆ ಬೇಕಾದ ಸಮೀಕ್ಷೆ ದುಬಾರಿಯದೇನಲ್ಲ. ಶೆಟ್ಟಿಹಳ್ಳಿಯನ್ನು ನಡುವಿಟ್ಟು ಜಾಲಹಳ್ಳಿ, ಅಬ್ಬಿಗೆರೆ, ಚಿಕ್ಕಬಾಣಾವರದವರೆಗೆ ಇರುವ ಪ್ರತಿ ಅತ್ತಿಮರವನ್ನು ಗುರುತು ಹಾಕಿ, ಹದಿನೈದು ದಿನಕ್ಕೊಮ್ಮೆ ಒಂದು ಕಾಯಿ ಕೊಯ್ದು ಬಿಚ್ಚಿ, ಐದು ಹಂತಗಳಲ್ಲಿ ಯಾವುದು ಎಂದು ಬರೆದಿಡಬೇಕು. ಒಂದು ಚಾಕು, ಒಂದು ಭೂತಗನ್ನಡಿ, ಒಂದು ನೋಟುಪುಸ್ತಕ. ಪ್ರೌಢಶಾಲೆಯ ಮಕ್ಕಳು ಮಾಡಬಲ್ಲ ಕೆಲಸ. ಎರಡು ವರ್ಷದಲ್ಲಿ ಸಿಗುವುದು ಮರಗಳ ನಕ್ಷೆಯಲ್ಲ, ಮರಗಳ ಕ್ಯಾಲೆಂಡರು. ಅದರ ಏಪ್ರಿಲ್ ಪುಟದಲ್ಲಿ ಹೆಣ್ಣು ಹಂತದ ಮರ ಇಡೀ ಸೀಮೆಗೆ ಒಂದೇ ಇದ್ದರೆ, ಮುಂದಿನ ರಾಜಕಾಲುವೆ ಕಾಮಗಾರಿಯ ನಕ್ಷೆ ಬಿಡಿಸಿದಾಗ ಮೊದಲು ಹುಡುಕಬೇಕಾದ್ದು ಅದು ಎಲ್ಲಿ ನಿಂತಿದೆ ಎಂಬುದನ್ನು.